ಮಾವನ ಕಿವಿಯೊಳಗಿನ ಹುಳ

ಆಗ ನನಗೆ ಹದಿನೇಳು, ಸೊಸೆಯಾಗಿ ಈ ಮನೆಗೆ ಬಂದ ಹೊಸದು. ಅದಾಗಿ ಅರವತ್ತು ವರ್ಷದ ಮೇಲಾಯ್ತು. ನಮ್ಮ ಮಾವ ರೇಷ್ಮೆ ಹುಳಾನ ತಟ್ಟೇಲಿ ಮಾತ್ರ ಅಲ್ಲ, ಕಿವಿಯೊಳಗೂ ಸಾಕ್ತಿದ್ರು ಅಂದ್ರೆ ನೀವು ನಗ್ತೀರ. ನಗಿ. ನಾನೂ ನಕ್ಕಿದ್ದೆ.

ಜಂಗಮಕೋಟೆ ಪಕ್ಕದ ಹಳ್ಳಿ ನಮ್ಮದು. ದೊಡ್ಡ ಹುಳ ಹಿಪ್ಪುನೇರಳೆ ಸೊಪ್ಪು ತಿನ್ನೋ ಸದ್ದು ಕೇಳಿದ್ದೀರಾ? ಎಲೆ ಮೇಲೆ ಸಣ್ಣ ಮಳೆ ಬಿದ್ದಂಗೆ ಸರಸರ ಅಂತದೆ. ಮಾವ ಹುಳದ ಮನೆ ಒಳಕ್ಕೂ ಹೋಗ್ತಿರಲಿಲ್ಲ. ಮುಚ್ಚಿದ ಬಾಗಿಲಿಗೆ ಕಿವಿ ಇಟ್ಟು, ಕಣ್ಣು ಮುಚ್ಚಿ, "ಇನ್ನೂ ಹಸಿವೈತೆ, ಎರಡು ಮಂಕರಿ ಸೊಪ್ಪು ಹಾಕಿ" ಅನ್ನೋರು. ಇಲ್ಲಾಂದ್ರೆ, "ಮುಟ್ಟಬೇಡಿ, ಜ್ವರಕ್ಕೆ ಕೂತವೆ" ಅನ್ನೋರು. ಪೊರೆ ಬಿಡೋಕೆ ಮುಂಚೆ ಹುಳ ಒಂದು ದಿನ ತಿನ್ನೋದು ಬಿಟ್ಟು, ತಲೆ ಎತ್ಕೊಂಡು ಸುಮ್ಮನೆ ಕೂತುಬಿಡ್ತವೆ. ಅದಕ್ಕೆ ನಾವು ಜ್ವರ ಅಂತೀವಿ. ಆಗ ಸೊಪ್ಪು ಸುರಿದ್ರೆ ಅದು ಕೊಳೆತು ಹುಳಾನೂ ಹಾಳು. ಮಾವನ ಲೆಕ್ಕ ಒಂದು ಸಲಾನೂ ತಪ್ಪಿದ್ದಿಲ್ಲ. ಸುತ್ತ ಹಳ್ಳಿಯೋರು ಡಾಕ್ಟ್ರನ್ನ ಕರೆಯೋ ಹಂಗೆ ಬಂದು ಕರ್ಕೊಂಡು ಹೋಗೋರು. ಕೂರೋಕೆ ಮಣೆ, ಕುಡಿಯೋಕೆ ಮಜ್ಜಿಗೆ. ಆ ಮಣೆ ಮೇಲೆ ಮಾವ ಮಹಾರಾಜರಂಗೆ ಕೂರೋರು!

ಒಂದು ಸಲ ಬೆಳೆ ಮುಗಿದು, ಗೂಡೆಲ್ಲ ಶಿಡ್ಲಘಟ್ಟಕ್ಕೆ ಮಾರಾಟಕ್ಕೆ ಹೋಗಿ, ನಾನು ಹುಳದ ಮನೆಗೆ ಸುಣ್ಣ ಬಳಿದು ಬಾಗಿಲು ಹಾಕಿದ್ದೆ. ಮಾವ ಒಂದು ಮಂಕರಿ ಸೊಪ್ಪು ಹೊತ್ಕೊಂಡು ಬಂದ್ರು.

"ಯಾರಿಗೆ ತಂದ್ರಿ ಅದನ್ನ?" ಅಂತ ಅತ್ತೆ.

"ಹುಳಕ್ಕೆ. ಕೇಳಿಸ್ತಿಲ್ವಾ? ತಿಂತಾ ಅವೆ!"

"ಗೋಡೆ ತಿಂತಾ ಇರ್ಬೇಕು. ಬಡಿಸಿ, ಬಡಿಸಿ! ತುಪ್ಪಾನೂ ತಂದ್ಕೊಡ್ಲಾ?"

ಅವತ್ತಿಂದ ಶುರುವಾಯ್ತು ನೋಡಿ. ಮನೆಗೆ ಯಾರೇ ಬರಲಿ, ಮಾವ ಅವರ ತಲೆ ಹಿಡಿದು ಎಳೆದು, ಅವರ ಕಿವೀನ ತಮ್ಮ ಕಿವಿಗೆ ಒತ್ತಿಕೊಳ್ಳೋರು. "ಕೇಳಿಸ್ತಾ?" ದೊಡ್ಡೋರು ಕೇಳಿದ್ರೆ ಇಲ್ಲ ಅನ್ನೋಕಾಗ್ತದಾ? ಊರ ಪಟೇಲರು, "ಓಹೋ, ಚೆನ್ನಾಗಿ ಕೇಳಿಸ್ತದೆ" ಅಂದ್ರು. ಚಿಂತಾಮಣಿ ಕಡೆ ಬೀಗರು ತೆಲುಗಲ್ಲಿ "ಅವುನು ಬಾವಾ, ಅವುನು!" ಅಂತ ತಲೆ ಆಡಿಸಿದ್ರು. ಸೊಸೆ ಮಾವನ ಎದುರಿಗೆ ನಿಂತು ಮಾತಾಡದ ಕಾಲ ಅದು. ಆದ್ರೂ ಒಂದಿನ ನನ್ನನ್ನೂ ಕರೆದ್ರು. ಬಗ್ಗಿ ಕೇಳಿದೆ. ಬೀಡಿ ವಾಸನೆ ಬಂತು, ಸದ್ದು ಬರಲಿಲ್ಲ.

"ಏನೂ ಇಲ್ಲ ಮಾವ."

"ನಿನ್ನ ಕಿವಿ ಸರಿಯಿಲ್ಲ ಕಣಮ್ಮ!"

ಯಾಕೆ ಹಿಂಗಾಯ್ತು ಅನ್ನೋಕೆ ಊರಲ್ಲಿ ಬಾಯಿಗೊಂದು ಕಾರಣ. ಬಾವಿ ತೋಡುವಾಗ ಬಂಡೆಗೆ ಮದ್ದಿಟ್ಟು ಸಿಡಿಸಿದ್ರು, ಮಾವ ಹತ್ತಿರಾನೇ ನಿಂತಿದ್ರು, ಅದರಿಂದ ಅಂದೋರುಂಟು. ಚಳಿಜ್ವರಕ್ಕೆ ನುಂಗಿದ ಕ್ವಿನೈನ್ ಗುಳಿಗೆ ಕಿವಿಗೆ ಹತ್ತಿದೆ ಅಂದೋರುಂಟು. ಹುರುಳಿಕಾಳಿನ ಉಷ್ಣ ಅಂತ ಪಕ್ಕದ ಮನೆ ಮುದುಕಿ. ಅತ್ತೆ ಮಾತ್ರ, "ನನ್ನ ಮಾತು ಕೇಳಬಾರದು ಅಂತ ಮೂವತ್ತು ವರ್ಷ ಕಿವಿ ಮುಚ್ಕೊಂಡ್ರು, ಒಳಗಿನ ಗಾಳಿ ಕೆಟ್ಟೈತೆ" ಅಂದ್ರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಿದ್ದಾಯ್ತು. ಮಾವ ಒಗ್ಗರಣೆಯಂಗೆ ಘಮಘಮ ಅಂತಿದ್ರು, ಅಷ್ಟೇ.

ಕೊನೆಗೆ ಬಸ್ಸು ಹತ್ತಿ ಚಿಕ್ಕಬಳ್ಳಾಪುರದ ಡಾಕ್ಟ್ರ ಹತ್ರ ಹೋದ್ರು. ಅವರು ಪಿಚಕಾರೀಲಿ ನೀರು ಬಿಟ್ಟು ಗುಗ್ಗೆ ತೆಗೆದ್ರಂತೆ. ಗುಗ್ಗೆ ಇರಬಹುದು, ಮದ್ದಿನ ಸದ್ದಿರಬಹುದು, ಗುಳಿಗೆ ಇರಬಹುದು, ರಕ್ತದ ಒತ್ತಡ ಇರಬಹುದು, ಬರೀ ವಯಸ್ಸೂ ಇರಬಹುದು ಅಂದ್ರಂತೆ. ನಮ್ಮೂರೋರು ಹೇಳಿದ್ದನ್ನೇ ಹೇಳೋಕೆ ಡಾಕ್ಟ್ರೇ ಬೇಕಾಗಿತ್ತಾ? ಮಾವ ವಾಪಸ್ಸು ಬಂದು, "ಕಿವಿ ತೊಳೆದ್ರು ನೋಡಿ, ಈಗ ಹುಳ ತಿನ್ನೋದು ಇನ್ನೂ ಸ್ಪಷ್ಟವಾಗಿ ಕೇಳಿಸ್ತದೆ!" ಅಂದ್ರು.

ಇಲ್ಲಿವರೆಗೆ ನಗು. ಮುಂದಿನ ಬೆಳೇಲಿ ಹುಳ ನಾಲ್ಕನೇ ಜ್ವರಕ್ಕೆ ಬರೋ ಹೊತ್ತು. ಮಾವ ಬಾಗಿಲಿಗೆ ಕಿವಿ ಇಟ್ಟು, "ತಿಂತಾ ಅವೆ, ಹಾಕಿ ಸೊಪ್ಪು" ಅಂದ್ರು. ಹಾಕಿದ್ವಿ. ಮಧ್ಯಾಹ್ನ ಮತ್ತೆ "ಹಾಕಿ" ಅಂದ್ರು. ನಾನು ಮಂಕರಿ ಹೊತ್ತು ಒಳಗೆ ಹೋದೆ. ಬೆಳಿಗ್ಗೆ ಹಾಕಿದ ಸೊಪ್ಪು ಹಂಗೇ ಬಿದ್ದಿತ್ತು. ಕೈ ಇಟ್ರೆ ಬಿಸಿ. ತೆಗೆದು ನೋಡಿದೆ, ಹುಳ ಎಲ್ಲ ತಲೆ ಎತ್ತಿ ಕೂತಿದ್ವು. ಮೂಲೆಯ ನಾಲ್ಕು ತಟ್ಟೇಲಿ ಕಪ್ಪಗಾಗಿದ್ವು.

ಹೊರಗೆ ಬಂದು ಮಂಕರಿ ಇಳಿಸಿದೆ.

"ಮಾವ, ಅವು ತಿಂತಿಲ್ಲ."

"ನಾನ್ ಕೇಳ್ತಾ ಇದೀನಲ್ಲಮ್ಮ."

"ಅದು ನಿಮ್ಮ ಕಿವಿ."

ಮಾವ ಒಳಗೆ ಬಂದ್ರು. ನನಗೆ ಗೊತ್ತಿದ್ದಂಗೆ ಹುಳಾನ ಕಣ್ಣಲ್ಲಿ ನೋಡೋಕೆ ಬಂದಿದ್ದು ಅದೇ ಮೊದಲು. ಸತ್ತಿದ್ದನ್ನ ಒಂದೊಂದಾಗಿ ಕೈಯಲ್ಲೇ ಆರಿಸಿ ಹಾಕಿದ್ರು. ಆಮೇಲೆ ಹೊಸಿಲ ಮೇಲೆ ಕೂತು ಹೇಳಿದ್ರು: "ಸದ್ದು ಒಳಗಿಂದೋ ಹೊರಗಿಂದೋ ತಿಳೀಲಿಲ್ಲ. ಅದಕ್ಕೇ ಎಲ್ಲರ ಕೈಲೂ ಕೇಳಿಸ್ದೆ. ಎಲ್ಲಾರೂ ಐತೆ ಅಂದ್ಬಿಟ್ರು. ಇಲ್ಲ ಅಂದೋಳು ನೀನೊಬ್ಳೇ. ನಿನ್ನನ್ನೇ ನಂಬಲಿಲ್ಲ ನೋಡು."

ನಾವೆಲ್ಲ ಹುಚ್ಚಾಟ ಅಂತ ನಕ್ಕಿದ್ದು ಇದಕ್ಕೆ.

ಸಂಜೆಗೆ ನಂದಿ ಕಡೆಯೋರೊಬ್ಬರು ಬಂದ್ರು. "ಯಜಮಾನ್ರೇ, ನಾಳೆ ನಮ್ಮ ಹುಳ ಒಂದು ಸಲ ಕೇಳಿ. ಸೊಪ್ಪು ಹಾಕೋದೋ ಬಿಡೋದೋ ನೀವು ಹೇಳಿದಂಗೆ." ಬರಲ್ಲ ಅಂದ್ರೆ ಯಾಕೆ ಅಂತ ಹೇಳಬೇಕು. ಹೋದ್ರೆ ಅವರ ಹುಳಾನೂ ಸಾಯಿಸಬೇಕು. ನಾನೇ ಬಾಗಿಲ ಮರೆಯಿಂದ, "ಬರ್ತಾರೆ" ಅಂದೆ. ಅತ್ತೆ ನನ್ನನ್ನ ದುರುಗುಟ್ಟಿಕೊಂಡು ನೋಡಿದ್ರು.

ಮಾರನೇ ಬೆಳಿಗ್ಗೆ ಮಾವನ ಹಿಂದೆ ನಾನೂ ಹೋದೆ. ನಾನು ಟವಲ್ಲು ಒಂದು ಸಲ ಎಳೆದ್ರೆ ತಿಂತಾ ಅವೆ, ಎರಡು ಸಲ ಎಳೆದ್ರೆ ಜ್ವರ ಅಂತ ದಾರೀಲೇ ಮಾತಾಗಿತ್ತು. ಅವರ ಮನೇಲಿ ಮಣೆ ಹಾಕಿದ್ರು, ಮಜ್ಜಿಗೆ ಕೊಟ್ರು. ಮಾವ ಹುಳದ ಮನೆ ಬಾಗಿಲಿಗೆ ಕಿವಿ ಇಟ್ಟು ಕಣ್ಣು ಮುಚ್ಚಿದ್ರು. ನಾನು ಹಿಂದೆ ಸೆರಗು ಹೊದ್ದು ನಿಂತು ಕಿವಿಗೊಟ್ಟೆ. ತಿಂತಾ ಇದ್ವು. ಮಾವನ ಹೆಗಲ ಮೇಲಿಂದ ಇಳಿಬಿದ್ದ ಟವಲ್ಲಿನ ಚುಂಗನ್ನ ಒಂದು ಸಲ ಎಳೆದೆ.