ಗುಡ್ಡದವಾಡಿ ದ್ವೀಪದ ಸೈಕಲ್ ಮಾರ್ಗ

ಹುಮನಾಬಾದಿನಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಮುಟ್ಟಲು ಒಂದು ಹಗಲು, ಒಂದು ರಾತ್ರಿ ಬೇಕು. 1978ರಲ್ಲಿ ಅಲ್ಲಿನ ಒಂದು ಜೋಳದ ಅಂಗಡಿಯ ಮಾಳಿಗೆಯ ಮೇಲೆ ತೆರೆಯಲಾದ 'ದ್ವೀಪಾಂತರ್ಗತ ಪರ್ವತ ಸೈಕಲ್ ಪ್ರವಾಸ ಪ್ರೋತ್ಸಾಹ ಕಚೇರಿ'ಯು ಈ ಸಂಗತಿಯನ್ನು ಎಂದೂ ಅಲ್ಲಗಳೆದಿಲ್ಲ. ಸಮುದ್ರವು ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಮಾತ್ರ ದಾಖಲಿಸಿದೆ.

ಕಚೇರಿ ಹುಟ್ಟಿದ್ದು ಹೀಗೆ. ರಾಜಧಾನಿಯ ಹಿರಿಯ ಅಧಿಕಾರಿಯೊಬ್ಬರು ಪರದೇಶದ ಒಂದು ದ್ವೀಪಕ್ಕೆ ಹೋಗಿದ್ದರು. ಅಲ್ಲಿ ಜನ ದ್ವೀಪದ ಒಳಗಿನ ಬೆಟ್ಟಸಾಲಿನಲ್ಲಿ ಸೈಕಲ್ ತುಳಿಯುತ್ತ, ದಿನಕ್ಕೊಂದು ಊರು ನೋಡುತ್ತ ಸಾಗುವುದನ್ನು ಮೋಟಾರಿನಲ್ಲಿ ಕೂತು ಕಣ್ತುಂಬ ನೋಡಿದರು. ತಿರುಗಿ ಬಂದವರೇ, ಪ್ರತಿ ಜಿಲ್ಲೆಯೂ ತನ್ನಲ್ಲಿರುವ ದ್ವೀಪವನ್ನೂ ಅದರೊಳಗಿನ ಪರ್ವತವನ್ನೂ ಗುರುತಿಸಿ, ಅಲ್ಲಿ ಸೈಕಲ್ ಮಾರ್ಗ ಹಾಕತಕ್ಕದ್ದೆಂದು ಸುತ್ತೋಲೆ ಹೊರಡಿಸಿದರು. ಅದರ ಕೊನೆಯ ಸಾಲು ಹೀಗಿತ್ತು: 'ಶೂನ್ಯ ವರದಿಯನ್ನು ಸ್ವೀಕರಿಸಲಾಗುವುದಿಲ್ಲ.'

ದ್ವೀಪವಿಲ್ಲ ಎಂದು ಬರೆಯುವ ಹಾಗಿಲ್ಲವಾದ್ದರಿಂದ ಕಚೇರಿಯ ಮುಖ್ಯಸ್ಥ ಏಕನಾಥ ಸಾಹೇಬರು ದ್ವೀಪ ಹುಡುಕುವ ಕೆಲಸವನ್ನು ಗುಮಾಸ್ತ ನಾಗನಾಥನಿಗೆ ವಹಿಸಿದರು. ನಾಗನಾಥ ಬಿಸಿಲಲ್ಲಿ ಅಲೆಯುವ ಪೈಕಿ ಅಲ್ಲ. ಬೇರೆ ಕಚೇರಿಗಳ ಹಳೆಯ ಕಡತಗಳನ್ನು ತರಿಸಿಕೊಂಡು, ಫ್ಯಾನಿನ ಕೆಳಗೆ ಕೂತು ಹುಡುಕಿದ. ಎಂಟನೆಯ ದಿನ ದ್ವೀಪ ಸಿಕ್ಕಿತು. ಅದು ಪಂಡರಿಯ ಅರ್ಜಿಯೊಳಗಿತ್ತು.

ಪಂಡರಿ ಹಾಲು ಮಾರುವವನು. ಅವನ ಊರು ಗುಡ್ಡದವಾಡಿ, ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವೆ ನಲವತ್ತು ಮನೆಗಳ ಒಂದು ಮೂಲೆ. ಮೂರು ಕಡೆ ಹಳ್ಳ, ನಾಲ್ಕನೆಯ ಕಡೆ ಆಡು ಮೇಯುವ ಒಂದು ದಿನ್ನೆ. ಬೆಳಗಾದರೆ ಪಂಡರಿ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿ, ಹಳ್ಳದಲ್ಲಿ ಇಳಿದು ಹತ್ತಿ, ಹುಮನಾಬಾದಿನ ಹೋಟೆಲುಗಳಿಗೆ ಹಾಲು ಹಾಕಿ ಬರುವನು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆ ದಾರಿ ಮುಗಿಯಿತು. ಅವನ ಹೆಂಡತಿ ಧೂಳಮ್ಮನ ಮೊದಲ ಕೂಸು, ಹಳ್ಳ ಇಳಿಯುವುದನ್ನು ದಂಡೆಯಲ್ಲಿ ಕಾಯುತ್ತಲೇ ಜೀವ ಬಿಟ್ಟಿತ್ತು. ಅದಾದ ಮೇಲೆ ವಾಡಿಯವರೆಲ್ಲ ಸೇರಿ ದಿನ್ನೆಯ ಬೆನ್ನಿಗೆ ಒಂದು ಗಾಡಿದಾರಿ ಕಡಿದಿದ್ದರು. ಸುತ್ತು ಹೆಚ್ಚಾದರೂ ಎಂಥ ಮಳೆಯಲ್ಲೂ ಬಸವಕಲ್ಯಾಣದ ರಸ್ತೆ ಮುಟ್ಟಬಹುದಿತ್ತು.

ಆದರೂ ಹಳ್ಳ ದಾಟಲು ಒಂದು ಮೋರಿ, ಸಣ್ಣ ಸೇತುವೆಯಂಥದ್ದು, ಬೇಕೆಂದು ಪಂಡರಿ ಒಂಬತ್ತು ವರ್ಷದಿಂದ ಅರ್ಜಿ ಕೊಡುತ್ತ ಬಂದಿದ್ದ. ಹಳ್ಳದ ಈ ದಂಡೆ ಒಂದು ತಾಲೂಕು, ಆ ದಂಡೆ ಇನ್ನೊಂದು. ಅರ್ಧ ಮೋರಿ ಕಟ್ಟುವ ನಿಯಮ ಯಾರಲ್ಲೂ ಇರಲಿಲ್ಲ. ಪಂಡರಿಯ ಪರವಾಗಿ ಅರ್ಜಿ ಬರೆದುಕೊಡುತ್ತಿದ್ದವನು ಬಸವಕಲ್ಯಾಣದ ಅರ್ಜಿ ಬರಹಗಾರ ಜಹೀರುದ್ದೀನ್. ಸಾಹೇಬರ ಮನಸ್ಸು ಕರಗಬೇಕಾದರೆ ಮಾತಿಗೆ ತುಸು ಮಸಾಲೆ ಬೇಕೆಂದು ಅವನ ನಂಬಿಕೆ. ಹಾಗಾಗಿ ಪ್ರತಿ ವರ್ಷವೂ, 'ನಮ್ಮ ವಾಡಿಯು ಸುತ್ತಲೂ ನೀರಿನಿಂದ ಆವೃತವಾದ ದ್ವೀಪವಾಗಿದ್ದು' ಎಂದೇ ಅರ್ಜಿ ಆರಂಭವಾಗುತ್ತಿತ್ತು.

ಆ ಮಾಘದಲ್ಲಿ ನಾಗನಾಥ ಅರ್ಜಿಯನ್ನು ಕೈಯಲ್ಲಿ ಹಿಡಿದು ವಾಡಿಗೆ ಬಂದ. ಕೊಹಿನೂರು ಗ್ರಾಮಕ್ಕೆ ಮದುವೆ ಮಾಡಿಕೊಟ್ಟಿದ್ದ ಮಗಳು ಜಿಜಾಬಾಯಿಗೆ ಮೂರು ತಿಂಗಳೆಂದು ಪಂಡರಿಗೆ ಸುದ್ದಿ ಬಂದು ನಾಲ್ಕೇ ದಿನವಾಗಿತ್ತು. ಚೊಚ್ಚಲ ಹೆರಿಗೆ, ತವರಲ್ಲೇ ಆಗಬೇಕು. ಎಣಿಸಿದರೆ ಸರಿಯಾಗಿ ಶ್ರಾವಣಕ್ಕೆ ಬರುತ್ತಿತ್ತು. ಖುಷಿಯೂ ಆಗಿತ್ತು, ಶ್ರಾವಣದ ತುಂಬಿದ ಹಳ್ಳವೂ ನೆನಪಾಗಿತ್ತು.

"ಇದು ನಿನ್ನ ದಸ್ಕತ್ತೇ ಹೌದಲ್ಲ?" ನಾಗನಾಥ ಕೇಳಿದ.

"ಹೌದ್ರಿ."

"ವಾಡಿ ದ್ವೀಪ ಅದ ಅಂತ ಒಂಬತ್ತು ವರ್ಷದಿಂದ ನೀನೇ ಬರಿಯಾಕತ್ತಿ. ಸರಕಾರ ಈಗ ಒಪ್ಪಿಕೊಂಡದ."

ಪಂಡರಿಯ ಕಣ್ಣಲ್ಲಿ ನೀರು ಬಂತು. ಒಂಬತ್ತು ವರ್ಷದಲ್ಲಿ ಅವನ ಮಾತನ್ನು ಸರಕಾರ ಒಪ್ಪಿದ್ದು ಇದೇ ಮೊದಲು. ಮೋರಿ ಯಾವಾಗ ಎಂದು ಕೇಳಿದ. ದ್ವೀಪ ಎಂದ ಮೇಲೆ ದಾಟುವ ವ್ಯವಸ್ಥೆ ಆಗಲೇಬೇಕಲ್ಲ ಎಂದು ನಾಗನಾಥ ಸಮಾಧಾನ ಹೇಳಿ, ಒಂದು ಸಣ್ಣ ತಕರಾರು ಉಳಿದಿದೆ ಎಂದ. ನೀರು ಇರುವುದು ಮೂರೇ ಕಡೆ. ನಾಲ್ಕನೆಯ ಕಡೆ, ದಿನ್ನೆಯ ಆಚೆಗೂ ಒಂದು ಕಾಲುವೆ ತೋಡಿದರೆ ದ್ವೀಪ ಪೂರ್ತಿಯಾಗುತ್ತದೆ. ಗಾಡಿದಾರಿ ಕಡಿದುಹೋಗುತ್ತದೆ, ನಿಜ. ಆದರೆ ದಾಟುವ ವ್ಯವಸ್ಥೆ ಬರುವಾಗ ಗಾಡಿದಾರಿ ಇಟ್ಟುಕೊಂಡು ಏನು ಮಾಡುವುದು?

ವಾಡಿಯ ಜನ ಒಪ್ಪಲಿಲ್ಲ. ಧೂಳಮ್ಮನಂತೂ ಗುಮಾಸ್ತನಿಗೆ ಕೊಟ್ಟ ಚಹಾದ ಬಟ್ಟಲನ್ನು ಅರ್ಧಕ್ಕೇ ಎತ್ತಿಕೊಂಡು ಒಳಗೆ ಹೋದಳು. ಪಂಡರಿ ಮನೆಮನೆಗೆ ತಿರುಗಿ ಎಲ್ಲರನ್ನೂ ಒಪ್ಪಿಸಿದ. ಶ್ರಾವಣದೊಳಗೆ ಮೋರಿ ಆಗುತ್ತದೆಂದು ಮಗಳ ಮೇಲೆ ಆಣೆ ಮಾಡಿದ. ಕಾಲುವೆಗೆ ಕಾಯಿ ಒಡೆದು ಮೊದಲ ಗುದ್ದಲಿ ಹಾಕಿದವನೂ ಅವನೇ.

ಪರ್ವತದ ಕೆಲಸ ಇಷ್ಟು ಕಷ್ಟವಾಗಲಿಲ್ಲ; ಆಡು ಮೇಯುವ ದಿನ್ನೆಯೇ ಪರ್ವತವಾಯಿತು. ಸುತ್ತೋಲೆಯ ಪ್ರಕಾರ ಪರ್ವತದ ಎತ್ತರವನ್ನು 'ದ್ವೀಪದ ಅತ್ಯಂತ ತಗ್ಗಿನ ಸ್ಥಳದಿಂದ' ಅಳೆಯಬೇಕಿತ್ತು. ಅತ್ಯಂತ ತಗ್ಗಿನ ಸ್ಥಳ ವಾಡಿಯ ಬಕ್ಕಪ್ಪ ಪಾಟೀಲರ ಬಾವಿಯ ತಳ. ಅಲ್ಲಿಂದ ಅಳೆದರೂ ಅಡಿಗಳು ಸಾಲದೆ ಹೋದಾಗ, ಬಾವಿಯನ್ನು ಸರಕಾರಿ ವೆಚ್ಚದಲ್ಲಿ ಇನ್ನಷ್ಟು ಆಳ ಮಾಡಲಾಯಿತು. ಬಕ್ಕಪ್ಪ ಪಾಟೀಲರು ಪರ್ವತ ಇನ್ನೂ ಬೆಳೆಯಬೇಕೆಂದು ಅಭಿಪ್ರಾಯಪಟ್ಟರು.

ಯುಗಾದಿಯ ಮರುದಿನ ಹಳ್ಳದ ದಂಡೆಯಲ್ಲಿ ಫಲಕ ನಿಂತಿತು.

'ಪ್ರಕಟಣೆ. ದ್ವೀಪಕ್ಕೆ ದೋಣಿಯ ಮೂಲಕವೇ ಪ್ರವೇಶಿಸತಕ್ಕದ್ದು, ದೋಣಿಯ ಮೂಲಕವೇ ನಿರ್ಗಮಿಸತಕ್ಕದ್ದು. ದ್ವೀಪಕ್ಕೆ ಮೊದಲ ಬಾರಿಗೆ, ದೋಣಿಯ ಮೂಲಕ, ಬರುವವರನ್ನು ಪ್ರವಾಸಿಗರೆಂದು ಪರಿಗಣಿಸಲಾಗುವುದು. ಪ್ರವಾಸಿಗರು ಸೈಕಲ್ ತುಳಿಯುವಾಗ ದ್ವೀಪವಾಸಿಗಳು ಪಕ್ಕಕ್ಕೆ ನಿಂತು ಮುಗುಳ್ನಗತಕ್ಕದ್ದು. ಎಮ್ಮೆಗಳಿಗೆ ಈ ನಿಯಮ ಕಡ್ಡಾಯವಲ್ಲ.'

ದೋಣಿಯೂ ಬಂತು. ಕಬ್ಬಿನ ಲಾರಿಯ ಮೇಲೆ ಬಂದ ಅದನ್ನು ಹನ್ನೆರಡು ಜನ ಹೊತ್ತು ಹಳ್ಳದ ನಡುವೆ ಇಟ್ಟರು. ಚೈತ್ರದ ಹಳ್ಳದಲ್ಲಿ ಮರಳು ಬಿಟ್ಟರೆ ಬೇರೇನೂ ಇರಲಿಲ್ಲ. ಏಕನಾಥ ಸಾಹೇಬರ ಹೆಂಡತಿಯ ತಮ್ಮ ವೈಜನಾಥ ಅಂಬಿಗನಾಗಿ ನೇಮಕವಾದ. ಅವನಿಗೆ ಈಜು ಬರುತ್ತಿರಲಿಲ್ಲ. ನೇಮಕಾತಿ ಆದೇಶದಲ್ಲಿ ಆ ಪ್ರಶ್ನೆಯೂ ಇರಲಿಲ್ಲ.

ಅಂದಿನಿಂದ ಪಂಡರಿ ದಿನಾ ಬೆಳಗ್ಗೆ ಒಣ ಮರಳಿನ ಮೇಲೆ ಸೈಕಲ್ ನೂಕಿಕೊಂಡು ಬಂದು, ಕ್ಯಾನು ಬಿಚ್ಚಿ, ಸೈಕಲ್ಲನ್ನು ದೋಣಿಯೊಳಗೆ ಎತ್ತಿ ಇಟ್ಟು ತಾನೂ ಹತ್ತಿ ಕೂರುವನು. ವೈಜನಾಥ ಹುಟ್ಟನ್ನು ಮೂರು ಸಲ ಗಾಳಿಯಲ್ಲಿ ಆಡಿಸಿ ಗಂಟೆ ಬಾರಿಸುವನು. ಪಂಡರಿ ಇನ್ನೊಂದು ಬದಿಗೆ ಇಳಿದು, ಕ್ಯಾನು ಕಟ್ಟಿ ಹುಮನಾಬಾದಿಗೆ ಹೋಗುವನು. ಹಾಲು ತಡವಾಗುತ್ತಿತ್ತು, ಹೋಟೆಲಿನವರು ಬೈಯುತ್ತಿದ್ದರು. ದಾಟುವ ವ್ಯವಸ್ಥೆ ಎಂದರೆ ಇದೇನಾ ಎಂದು ಒಮ್ಮೆ ಕೇಳಿದ್ದಕ್ಕೆ ನಾಗನಾಥ, ದಾಟುತ್ತಿದ್ದೀಯಲ್ಲ ಎಂದ. ಅದು ಸುಳ್ಳಲ್ಲವಾದ್ದರಿಂದ ಪಂಡರಿ ಕ್ಯಾನು ಕಟ್ಟಿಕೊಂಡು ಹೊರಟ.

ಮೃಗಶಿರಾ ಮಳೆ ಬಿದ್ದ ದಿನ ಹೊಸ ಆದೇಶ ಬಂತು. ಹಳ್ಳದಲ್ಲಿ ನೀರು ಬಂದಿರುವುದರಿಂದ, ಸುರಕ್ಷತೆಯ ದೃಷ್ಟಿಯಿಂದ, ನೀರು ಪೂರ್ತಿ ಇಂಗುವ ತನಕ ದೋಣಿ ಸಂಚಾರ ನಿಲ್ಲಿಸಲಾಗಿದೆ. ದೋಣಿಯನ್ನು ವಾಡಿಯ ಕಡೆಯ ದಂಡೆಗೆ ಎಳೆದು, ತಾಡಪತ್ರಿ ಹೊದಿಸಿ, ಮರಕ್ಕೆ ಸರಪಳಿ ಬಿಗಿದು ಬೀಗ ಹಾಕಿದರು. ಬೀಗದ ಕೈ ಹುಮನಾಬಾದಿನಲ್ಲಿ ಉಳಿಯಿತು. ಹಳ್ಳ ತುಂಬಿತು, ಕಾಲುವೆ ತುಂಬಿತು. ಗುಡ್ಡದವಾಡಿ ಕೊನೆಗೂ, ಒಂದು ಗೇಣು ನೆಲವೂ ತಪ್ಪದಂತೆ, ದ್ವೀಪವಾಯಿತು.

ಜಿಜಾಬಾಯಿ ಅದಕ್ಕೆ ಮೊದಲೇ ತವರಿಗೆ ಬಂದಿದ್ದಳು. ಶ್ರಾವಣದ ಎರಡನೇ ಸೋಮವಾರ ಮಧ್ಯಾಹ್ನ ಅವಳಿಗೆ ಬೇನೆ ಶುರುವಾಯಿತು. ಸಂಜೆಯಾದರೂ ಕೂಸು ಬರಲಿಲ್ಲ. ಪಂಡರಿ ನಾಲ್ಕು ಜನರನ್ನು ಕೂಡಿಸಿ, ಅವಳನ್ನು ಹೊರಸಿನ ಮೇಲೆ ಹೊತ್ತು ಹಳ್ಳಕ್ಕೆ ತಂದ. ಕೆಂಪು ನೀರು ಎರಡು ಆಳು ಎತ್ತರ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಹುಮನಾಬಾದಿನ ದವಾಖಾನೆಗೆ ಹೋಗುವ ದಾರಿ ಕಣ್ಣೆದುರಿಗೇ ಕಾಣುತ್ತಿತ್ತು. ಪಂಡರಿ ಸರಪಳಿಯನ್ನು ಕಲ್ಲಿನಿಂದ ಜಜ್ಜಿದ. ಸರಕಾರಿ ಸಾಮಾನುಗಳಲ್ಲಿ ಅದೊಂದೇ ಗಟ್ಟಿಯಾಗಿತ್ತು. ಮಳೆ ಜೋರಾದಾಗ ಧೂಳಮ್ಮ, "ತಾಡಪತ್ರಿ ಬಿಚ್ಚು, ಇದರಾಗೇ ಮಲಗಸೋಣ" ಎಂದಳು. ಇಪ್ಪತ್ತೆರಡು ವರ್ಷದ ಹಿಂದೆ ಅದೇ ದಂಡೆಯಲ್ಲಿ ನಿಂತಿದ್ದವಳು ಅವಳು. ಪಂಡರಿ ಅವಳ ಮುಖ ನೋಡಲಾರದೆ ನೀರಿನ ಕಡೆ ತಿರುಗಿ ನಿಂತ. ಒಂಬತ್ತು ಅರ್ಜಿಗಳಿಗೂ ದಸ್ಕತ್ತು ಹಾಕಿದ ತನ್ನ ಕೈಯನ್ನು ಕಡಿದುಕೊಳ್ಳಬೇಕೆನ್ನಿಸಿತು ಅವನಿಗೆ.

ಕತ್ತಲಾಗುವ ಮುಂಚೆ, ಬೀಗ ಹಾಕಿದ ದೋಣಿಯೊಳಗೆ, ಹೆಣ್ಣು ಕೂಸು ಹುಟ್ಟಿತು. ತಾಯಿ ಮಗಳು ಇಬ್ಬರೂ ಉಳಿದರು. ಅದಕ್ಕೆ ಧೂಳಮ್ಮನ ಕೈಗುಣ ಕಾರಣ. ಕಚೇರಿಯ ದಾಖಲೆಯಲ್ಲಿ ಅವಳ ಹೆಸರಿಲ್ಲ.

ಹಳ್ಳ ಇಳಿದ ಮೇಲೆ ಪಂಡರಿಗೆ ಕಚೇರಿಯಿಂದ ಕರೆ ಬಂತು. ನಿಷೇಧದ ಅವಧಿಯಲ್ಲಿ ದೋಣಿ ಬಳಸಿದ್ದಕ್ಕೆ ದಂಡ ಬೀಳುತ್ತದೆಂದೇ ಹೆದರಿಕೊಂಡು ಹೋದ. ಏಕನಾಥ ಸಾಹೇಬರು ಎದ್ದು ನಿಂತು ಕುರ್ಚಿ ತೋರಿಸಿದರು. ನಾಗನಾಥ ಪೇಡೆ ತರಿಸಿದ. ಸಂಗತಿ ಏನೆಂದರೆ, ವಾರ್ಷಿಕ ವರದಿ ಕಳಿಸುವ ಕಾಲ ಬಂದಿತ್ತು. ಪ್ರವಾಸಿಗರ ಸಂಖ್ಯೆ ಬರೆಯಬೇಕಿತ್ತು. ಅಲ್ಲಿಯವರೆಗೆ ಯಾರೂ ಬಂದಿರಲಿಲ್ಲ, ಶೂನ್ಯ ಎಂದು ಬರೆಯುವಂತೆಯೂ ಇರಲಿಲ್ಲ.

"ಕೂಸು ದ್ವೀಪಕ್ಕ ಬಂದದ್ದು ಯಾವುದರಾಗ?" ಸಾಹೇಬರು ಕೇಳಿದರು.

"ದೋಣ್ಯಾಗ್ರಿ."

"ಮೊದಲನೇ ಸಲ?"

ಪಂಡರಿ ಯೋಚಿಸಿ, ಮೊದಲನೇ ಸಲವೇ ಎಂದು ಒಪ್ಪಿಕೊಂಡ. ನಾಗನಾಥ ಪುಸ್ತಕದಲ್ಲಿ ಬರೆದ: ಪ್ರವಾಸಿಗರು, ಒಬ್ಬರು. ಸೈಕಲ್, ಇನ್ನೂ ತಂದಿಲ್ಲ. ತಂಗುವ ಅವಧಿ, ತಿಳಿಸಿಲ್ಲ. ವ್ಯವಸ್ಥೆಯ ಬಗ್ಗೆ ಅಭಿಪ್ರಾಯ ಎಂಬ ಕಡೆ, ಬಂದ ಕೂಡಲೇ ಗಟ್ಟಿಯಾಗಿ ವ್ಯಕ್ತಪಡಿಸಿದರು ಎಂದು ಬರೆದ.

ಮೋರಿಯ ಮಾತನ್ನು ಪಂಡರಿ ಮೆಲ್ಲಗೆ ಎತ್ತಿದ. ಸಾಹೇಬರು ಬೇಸರ ಮಾಡಿಕೊಳ್ಳಲಿಲ್ಲ.

"ಮೋರಿ ಇಲ್ಲದೇನೇ ಪ್ರವಾಸಿಗಳು ಬರಾಕತ್ತಾರ. ಮೋರಿ ಇದ್ದಿದ್ರ ನಿನ್ನ ಮಗಳು ದವಾಖಾನಿಗಿ ಹೋಗಿ ಅಲ್ಲೇ ಹಡೀತಿದ್ದಳು. ನಮಗ ಒಬ್ಬರೂ ಸಿಗ್ತಿರಲಿಲ್ಲ. ವಿಚಾರ ಮಾಡು."

ಪಂಡರಿ ವಿಚಾರ ಮಾಡಿದ. ಕೈಯಲ್ಲಿ ಪೇಡೆ ಇತ್ತು, ಎದುರಿಗೆ ಸಾಹೇಬರು ನಿಂತೇ ಇದ್ದರು. ಮಾತು ಸರಿಯೆಂದೇ ತೋರಿತು. ಮೋರಿಯ ಅಗತ್ಯವಿಲ್ಲವೆಂಬ ಕಾಗದಕ್ಕೆ ನಾಗನಾಥ ತೋರಿಸಿದ ಜಾಗದಲ್ಲಿ ದಸ್ಕತ್ತು ಹಾಕಿದ. ವರದಿ ಮೆಚ್ಚಿಕೊಂಡ ಮೇಲಿನ ಕಚೇರಿ ಮಾಘದ ಹೊತ್ತಿಗೆ, ಮುಂದಿನ ವರ್ಷಕ್ಕೆ ಮೂವರು ಪ್ರವಾಸಿಗರ ಗುರಿ ಕೊಟ್ಟಿತು. ಪಂಡರಿಯನ್ನು ದ್ವೀಪದ ಪ್ರವಾಸಿ ಸಂಪರ್ಕ ಸಹಾಯಕನೆಂದು ನೇಮಿಸಿ, ಎದೆಗೆ ಹಚ್ಚುವ ತಗಡಿನ ಬಿಲ್ಲೆ ಕೊಟ್ಟರು.

ಮರುದಿನ ಬೆಳಗ್ಗೆ ಅವನು ಬಿಲ್ಲೆ ಹಚ್ಚಿಕೊಂಡು ವಾಡಿಯ ಮನೆಮನೆಗೆ ಹೋಗಿ, ಯಾರ ಸೊಸೆಗೆ ಎಷ್ಟು ತಿಂಗಳು ಎಂದು ವಿಚಾರಿಸಿದ. ಶ್ರಾವಣಕ್ಕೆ ಸರಿಯಾಗಿ ಇಬ್ಬರು ಸಿಗಬಹುದೆಂದು ಗೊತ್ತಾಯಿತು. ಮೂರನೆಯ ಸೊಸೆಗೆ ವೈಶಾಖದಲ್ಲೇ ದಿನ ತುಂಬುತ್ತಿತ್ತು. ಆಗ ಹಳ್ಳ ಒಣಗಿರುತ್ತದೆ, ನಡೆದೇ ದವಾಖಾನೆಗೆ ಹೋಗಿಬಿಡಬಹುದು. ಗುರಿ ತಪ್ಪುತ್ತದಲ್ಲ ಎಂದು ಪಂಡರಿ ಪೇಚಾಡಿದ. ಆ ಮನೆಯ ಹಿರಿಯರು ಅವನಿಗೆ ಚಹಾ ಕೊಟ್ಟು, ಸರಕಾರದ ಕೆಲಸಕ್ಕೆ ನಾವು ಅಡ್ಡ ಬರುವವರಲ್ಲ, ಸೊಸೆಯನ್ನು ಒಂದು ವಾರ ಮೊದಲೇ ತಂದು ದೋಣಿಯಲ್ಲಿ ಕೂಡಿಸುತ್ತೇವೆ ಎಂದು ಮಾತು ಕೊಟ್ಟರು.