ಐತಪ್ಪನ ಮರಗಟ್ಟಿದ ತೊಡೆ

ಡಾಕ್ಟರರು ಯಾವ ಪರೀಕ್ಷೆಯನ್ನಾದರೂ ಮಾಡಲಿ, ನೂರಕ್ಕೆ ನೂರು ತೆಗೆದೇ ಮನೆಗೆ ಬರುವುದೆಂದು ಐತಪ್ಪ ಶಪಥ ಮಾಡಿದ. ಐವತ್ತೆಂಟನೆಯ ಇಸವಿಯ ಮದರಾಸಿನಲ್ಲಿ ವಿಮಾ ಕಚೇರಿಯ ಹೆಡ್ ಕ್ಲರ್ಕ್ ಎಂದರೆ ಸಾಮಾನ್ಯವೇ! ಕಚೇರಿಯ ಪರೀಕ್ಷೆಗಳನ್ನೆಲ್ಲ ಒಂದೇ ಏಟಿಗೆ ಪಾಸು ಮಾಡಿದ ಗಂಡು ಅವನು.

ರಗಳೆ ಶುರುವಾದದ್ದು ಭಾನುವಾರದ ಕಾಫಿಯಿಂದ. ಸುಡುಸುಡು ಕಾಫಿ ಬಲತೊಡೆಯ ಮೇಲೆ ಚೆಲ್ಲಿತು. ಐತಪ್ಪ ಪೇಪರ್ ಓದುತ್ತಲೇ ಇದ್ದ.

"ಸುಡ್ಲಿಲ್ವಾ ನಿಮ್ಗೆ?" ಹೆಂಡತಿ ಜಲಜಾಕ್ಷಿ ಚೀರಿದಳು.

"ನಂದು ವಜ್ರದ ತೊಡೆ ಮಾರಾಯ್ತಿ!"

ಜಲಜಾಕ್ಷಿ ನಗಲಿಲ್ಲ. ಅವಳ ಸೋದರಮಾವನಿಗೂ ಹೀಗೆಯೇ ಜೋಮು ಹಿಡಿದು, ಕೊನೆಗೆ ಕಾಲಿನ ಸ್ವಾಧೀನವೇ ತಪ್ಪಿತ್ತು. ಮರುದಿನ ಬೆಳಿಗ್ಗೆಯೇ ಗಂಡನನ್ನು ಟಿ. ನಗರದಲ್ಲಿದ್ದ ಮೈಸೂರಿನ ಕಡೆಯ ಡಾಕ್ಟರ್ ಮುರಳೀಧರರ ಮುಂದೆ ಮಲಗಿಸಿದಳು.

"ಕಣ್ಮುಚ್ಕೊಳ್ಳಿ. ಹತ್ತಿ ತಾಗಿದ್ರೆ ಹತ್ತಿ ಅನ್ನಿ, ಸೂಜಿ ಚುಚ್ಚಿದ್ರೆ ಸೂಜಿ ಅನ್ನಿ. ಏನೂ ಗೊತ್ತಾಗದಿದ್ರೆ ಸುಮ್ನಿರಿ," ಎಂದರು ಡಾಕ್ಟರರು.

ಸುಮ್ಮನಿರುವುದೇ? ಸುಮ್ಮನಿದ್ದರೆ ಸೊನ್ನೆ! ಪಾದ, ಮೊಣಕಾಲು ಸರಾಗವಾಗಿ ದಾಟಿದವು. ತೊಡೆಗೆ ಬಂದಾಗ ಮಾತ್ರ ಏನೂ ತಿಳಿಯಲಿಲ್ಲ. ಐತಪ್ಪ ಎದೆಗುಂದುವ ಆಸಾಮಿಯಲ್ಲ. ಅಂದಾಜಿನ ಮೇಲೆ ಗುಂಡು ಹಾರಿಸಿದ.

"ಹತ್ತಿ!... ಸೂಜಿ!... ಸೂಜಿ!... ಹತ್ತಿ! ಎಷ್ಟು ಸರಿಯಾಯ್ತು ಡಾಕ್ಟ್ರೆ?"

"ನಾನು ಕೈ ತೊಳೀತಾ ಇದೀನಿ ಐತಪ್ಪನವ್ರೆ!"

ಕಣ್ಣು ಬಿಟ್ಟರೆ ಡಾಕ್ಟರರು ಆಚೆ ಮೂಲೆಯ ನಲ್ಲಿಯ ಹತ್ತಿರ ನಿಂತಿದ್ದಾರೆ! ಜಲಜಾಕ್ಷಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಗುತ್ತಿದ್ದಾಳೆಂದುಕೊಂಡ. ಅವಳು ಅಳುತ್ತಿದ್ದಳು.

"ನಿಜ ಹೇಳಿ ಮಾರಾಯ್ರೆ. ಸುಳ್ಳು ಮಾರ್ಕು ತಕ್ಕೊಂಡು ಎಂತ ಮಾಡುದು?" ಎಂದಳು.

ಐತಪ್ಪ ಮೆತ್ತಗಾದ. ಎರಡನೆಯ ಸಲ ಗೊತ್ತಾಗದ ಕಡೆಯೆಲ್ಲ ಬಾಯಿ ಮುಚ್ಚಿಕೊಂಡಿದ್ದ. ಡಾಕ್ಟರರು ಆ ಜಾಗದ ಸುತ್ತ ಪೆನ್ನಿನಿಂದ ಗೆರೆ ಎಳೆದರು. ತೊಡೆಯ ಹೊರಮಗ್ಗುಲಲ್ಲಿ ಅಂಗೈಯಗಲದ ಸಿಂಹಳ ದ್ವೀಪವೇ ಮೂಡಿತು! ಪುಟ್ಟ ಸುತ್ತಿಗೆಯಿಂದ ಮೊಣಕಾಲು ತಟ್ಟಿದರು. ಕಾಲು ಚಂಗನೆ ಹಾರಿತು. ಬೆನ್ನು ಬಗ್ಗಿಸಿ, ಒತ್ತಿ ನೋಡಿದರು.

"ಬೆನ್ನುಹುರಿ ಚೆನ್ನಾಗಿದೆ. ಸೊಂಟದ ಹತ್ರ ಒಂದು ನರ ಒತ್ತಿಹೋಗಿದೆ, ಅಷ್ಟೆ. ಬೆಲ್ಟು ಯಾಕ್ರೀ ಇಷ್ಟು ಬಿಗಿ?"

ಐತಪ್ಪ ಬಾಯಿ ತೆರೆಯುವ ಮೊದಲೇ ಜಲಜಾಕ್ಷಿ ಹೇಳಿಬಿಟ್ಟಳು: "ಹೊಟ್ಟೆ ಕಾಣ್ಬಾರ್ದು ಅಂತ ಡಾಕ್ಟ್ರೆ! ಮೊಳೆ ಹೊಡ್ದು ಎರಡು ತೂತು ಹೆಚ್ಚಿಗೆ ಮಾಡಿದ್ದಾರೆ!"

ಅಂದಿನಿಂದ ಬೆಲ್ಟಿಗೆ ವನವಾಸ, ಐತಪ್ಪನಿಗೆ ಪಂಚೆ. ಡಾಕ್ಟರರು ಎಷ್ಟು ಧೈರ್ಯ ಹೇಳಿದರೂ ಜಲಜಾಕ್ಷಿಯ ಎದೆಯ ಪುಕುಪುಕು ಮಾತ್ರ ನಿಲ್ಲಲಿಲ್ಲ.

ಮೂರು ವಾರ ಕಳೆಯಿತು. ಕಚೇರಿಯಲ್ಲಿ ದೊಡ್ಡ ಸಾಹೇಬರ ಮುಂದೆ ಫೈಲು ಬಿಚ್ಚುತ್ತಿದ್ದಾಗ ಬಲತೊಡೆಗೆ ಕೆಂಪಿರುವೆ ಕಚ್ಚಿತು.

"ಉರೀತದೆ! ಉರೀತದೆ!" ಎಂದು ಐತಪ್ಪ ಕುಣಿದ. ಬೆರಗಾದ ಸಾಹೇಬರ ಕೈ ಕುಲುಕಿ, ಅರ್ಧ ದಿನ ರಜೆ ಪಡೆದು, ಸಿಕ್ಕಿದ ಬಸ್ಸು ಹಿಡಿದು ಮನೆಗೆ ಓಡಿದ.

ಜಲಜಾಕ್ಷಿ ಎಲ್ಲ ಕೇಳಿಸಿಕೊಂಡಳು. ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಅದೇ ತೊಡೆಯನ್ನು ಎರಡು ಬೆರಳಲ್ಲಿ ಹಿಡಿದು ತಿರುಪಿ ಚಿವುಟಿದಳು.

"ಅಯ್ಯಯ್ಯೋ!"

"ನೋವಾಯ್ತಾ?"

"ಆಯ್ತು ಮಾರಾಯ್ತಿ! ಜೋರು ಆಯ್ತು! ನರ ಸರಿಯಾಗಿದೆ, ನೋಡಿದ್ಯಾ?"

"ನರ ನೋಡ್ಲಿಕ್ಕೆ ಚಿವುಟಿದ್ದಲ್ಲ. ಮೂರು ವಾರ ನನ್ನ ಜೀವ ತಿಂದದ್ದಕ್ಕೆ!" ಎಂದವಳೇ, ನಗುತ್ತ, ಕಣ್ಣೊರೆಸಿಕೊಳ್ಳುತ್ತ, ಎಡತೊಡೆಗೆ ಕೈ ಹಾಕಿದಳು.