ಹಂಡೆಯಲ್ಲಿ ಬೆಂದ ಪ್ಲೈವುಡ್

ಪ್ಲೈವುಡ್ ವಿಷಯದಲ್ಲಿ ನನ್ನನ್ನು ಏಮಾರಿಸುವ ಗಂಡು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ! ಅಡುಗೆಮನೆಗೆ ಹೊಸ ಕಬೋರ್ಡ್ ಮಾಡಿಸೋಣವೆಂದು ತೀರ್ಮಾನವಾದ ದಿನವೇ ಹೀಗೆ ಘೋಷಿಸಿದೆ. ವಾರವಿಡೀ ಮೊಬೈಲಿನಲ್ಲಿ ವಿಡಿಯೊ ನೋಡಿ ಮಹಾಪಂಡಿತನಾಗಿದ್ದೆನಲ್ಲ! ಮೊದಲ ಕೆಲಸವಾಗಿ ಅಮ್ಮನ ಕಾಲದ ಹಲಗೆ ಕಪಾಟನ್ನು ಕಿತ್ತು, ಬಿಡಿಬಿಡಿ ಮಾಡಿ, ಹಿತ್ತಲ ಸೌದೆ ರಾಶಿಗೆ ಎಸೆದೆ.

“ರೀ, ಇನ್ನೂ ಗಟ್ಟಿಯಾಗೈತೆ ಕಣ್ರೀ. ಅತ್ತೆ ಆಸೆಪಟ್ಟು ಮಾಡಿಸಿದ್ದು, ಇಟ್ಕಳಣ,” ಎಂದಳು ಹೆಂಡತಿ ಪಂಕಜಾಕ್ಷಿ.

“ನಿಂಗೇನ್ ಗೊತ್ತಾಗುತ್ತೆ ಬಿಡು. ಇದು ಪ್ಲೈವುಡ್ ಯುಗ ಕಣೇ!”

ಕಡೂರಿಗೆ ಹೋದೆ, ತರೀಕೆರೆಗೆ ಹೋದೆ, ನಮ್ಮ ಅಜ್ಜಂಪುರದ ಅಂಗಡಿಯನ್ನೂ ಬಿಡಲಿಲ್ಲ. ಮೂರೂ ಅಂಗಡಿಯವರದು ಒಂದೇ ಮಾತು: “ಇಡೀ ದಿನ ಕುದಿಸಿದ್ರೂ ಏನೂ ಆಗಲ್ಲ ಸಾರ್!” ಹಾಗಾದರೆ ಕುದಿಸಿಯೇ ನೋಡೋಣ! ಮೂರೂ ಕಡೆಯಿಂದ ಅಂಗೈಯಗಲದ ಒಂದೊಂದು ತುಂಡು ತಂದು, ಪೆನ್ಸಿಲ್ಲಿನಲ್ಲಿ ಊರಿನ ಹೆಸರು ಬರೆದು, ಬಚ್ಚಲ ಹಂಡೆಗೆ ಹಾಕಿ ಒಲೆ ಹಚ್ಚಿದೆ. ಭಾನುವಾರವಿಡೀ ಯಜ್ಞಕ್ಕೆ ಕೂತವನಂತೆ, ಕಣ್ಣುರಿಸುವ ಹೊಗೆಯಲ್ಲಿ ಕೈಗೆ ಸಿಕ್ಕಿದ ಸೌದೆಯನ್ನೆಲ್ಲ ತುರುಕಿದೆ.

“ರೀ, ಏನ್ ಉರಿಸ್ತಾ ಇದೀರಿ ಅಂತ ಸ್ವಲ್ಪ ನೋಡ್ಕಳಿ,” ಎಂದಳು ಪಂಕಜಾಕ್ಷಿ.

“ಪರೀಕ್ಷೆ ನಡೀತಿರೋವಾಗ ಮಾತಾಡ್ಬೇಡ!”

ಅವಳು ಹಂಡೆಯೊಳಗೆ ಒಮ್ಮೆ ಇಣುಕಿ ಹೋದಳು. ಅವಳಿಗೂ ಕುತೂಹಲ ಹುಟ್ಟಿತಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಸಂಜೆ ಮುಚ್ಚಳ ತೆಗೆದರೆ ಅಂಟಿನ ಘಾಟು! ಪ್ಲೈವುಡ್ಡೆಲ್ಲ ಹಪ್ಪಳದಂತೆ ಬಿಚ್ಚಿಕೊಂಡು ತೇಲುತ್ತಿತ್ತು. ಪೆನ್ಸಿಲ್ ಬರಹ ಮಾಯ! ಆದರೆ ನಡುವೆ ಒಂದೇ ಒಂದು ತುಂಡು, ಒಂದು ಬಿರುಕೂ ಇಲ್ಲದೆ, ಸ್ನಾನ ಮುಗಿಸಿದ ಮದುಮಗನಂತೆ ಹೊಳೆಯುತ್ತಿತ್ತು. ಗೆದ್ದೆ!

ಬೆಳಿಗ್ಗೆಯೇ ಬಡಗಿ ಕಲ್ಲೇಶನನ್ನು ಕರೆಸಿದೆ. “ನೋಡಯ್ಯಾ, ಇಂಥದ್ದೇ ಬೇಕು! ಯಾವ ಅಂಗಡೀದು ಹೇಳು.”

ಕಲ್ಲೇಶ ತುಂಡಿನ ಅಂಚು ನೋಡಿದ, ಆಮೇಲೆ ನನ್ನ ಮುಖ ನೋಡಿದ. “ಸಾರ್, ಪ್ಲೈವುಡ್ ಅಂದ್ಮೇಲೆ ಪದರ ಇರ್ಬೇಕಲ್ವಾ? ಇದು ಹಳೇ ಹಲಸಿನ ಹಲಗೆ. ಇನ್ನೂ ಐವತ್ತು ವರ್ಷ ಜಪ್ಪಯ್ಯ ಅನ್ನಲ್ಲ. ಎಲ್ಲಿ ಸಿಕ್ತು?”

“ಅತ್ತೆ ಕಪಾಟಿಂದು ಕಣಪ್ಪಾ,” ಎಂದಳು ಪಂಕಜಾಕ್ಷಿ. “ಅದೂ ಒಂದು ಪರೀಕ್ಷೆ ಬರೀಲಿ ಅಂತ ಅದರದೊಂದು ಚೂರು ನಾನೇ ಹಂಡೆಗೆ ಹಾಕಿದ್ದೆ.”

ಮುಖ ಎಲ್ಲಿಟ್ಟುಕೊಳ್ಳಲಿ? ಆದರೂ ಪಂಡಿತ ಸೋಲಬಹುದೇ! “ಆಯ್ತು, ಪ್ಲೈವುಡ್ ಮನೆ ಹಾಳಾಗ್ಲಿ! ಬಾರೋ ಕಲ್ಲೇಶ, ಮಿಕ್ಕಿದ ಹಲಗೆಯೆಲ್ಲ ಹಿತ್ತಲಲ್ಲೈತೆ. ಅದ್ರಲ್ಲೇ ಕಬೋರ್ಡ್ ಮಾಡ್ಬಿಡು,” ಎಂದು ಎದ್ದೆ.

“ಕೂತ್ಕಳಿ,” ಎಂದಳು ಪಂಕಜಾಕ್ಷಿ. “ನಿನ್ನೆ ಇಡೀ ದಿನ ಪ್ಲೈವುಡ್ ಬೇಯಿಸಿದ್ರಲ್ಲ, ಒಲೆಗೆ ಏನ್ ಹಾಕಿದ್ರಿ ಅಂದ್ಕಂಡ್ರಿ?”